ಜರಾ ಕ್ಯಾನ್ ಹಿಡ್ಕೋರಿ ಅಕ್ಕಾ

ಮಹಿಳಾ ದಿನಾಚರಣೆಯ ವೇದಿಕೆಗಳಲ್ಲಿ ನಮ್ಮ ಕಷ್ಟಗಳ ಪಟ್ಟಿ ಓದುವವರು ಬಹಳ ಜನ. ನೀರು, ಶೌಚಾಲಯ, ಸೆರೆ, ವರದಕ್ಷಿಣೆ, ಕೂಲಿಯಲ್ಲಿನ ತಾರತಮ್ಯ ಎಲ್ಲ ಬರುತ್ತವೆ. ಆ ಪಟ್ಟಿಯಲ್ಲಿ ಡೀಸೆಲ್ ಕ್ಯಾನಿನ ಹೆಸರನ್ನು ಮಾತ್ರ ನಾನು ಇದುವರೆಗೆ ಕೇಳಿಲ್ಲ. ಅದನ್ನೂ ಸೇರಿಸಿರೆಂದು ಹೇಳುವುದಕ್ಕೇ ಈ ಬರಹ. ನಗುವವರು ಮೊದಲೇ ನಕ್ಕುಬಿಡಲಿ. “ಕ್ಯಾನು ಡ್ರೈವರನ ವಿಷಯ, ಗಾಡಿ ಮಾಲೀಕನ ವಿಷಯ. ಹೆಂಗಸರಿಗೂ ಅದಕ್ಕೂ ಏನು ಸಂಬಂಧ?” ಎಂದು ನಮ್ಮ ಮನೆಯಲ್ಲೇ ಕೇಳಿದರು. ಸಂಬಂಧ ಇಷ್ಟೇ: ಗಾಡಿ ಮಾಲೀಕನದು, ಸ್ಟೇರಿಂಗು ಡ್ರೈವರನದು, ಆದರೆ ಆ ಕ್ಯಾನನ್ನು ಹಿಡಿದುಕೊಂಡು ಕೂರುವವಳು ಹೆಂಗಸು.

ನಮ್ಮ ಔರಾದ ಕರ್ನಾಟಕದ ನೆತ್ತಿಯ ಮೇಲಿನ ತಾಲ್ಲೂಕು. ಒಂದು ಕಡೆ ಮಹಾರಾಷ್ಟ್ರ, ಇನ್ನೊಂದು ಕಡೆ ತೆಲಂಗಾಣ. ಕಪ್ಪು ನೆಲ, ಹೆಸರು, ಉದ್ದು, ಸೋಯಾ, ತೊಗರಿ ಬೆಳೆಯುವ ಸೀಮೆ. ಕಳೆ ತೆಗೆಯುವ ಹಂಗಾಮಿರಲಿ, ಸೋಯಾ ಕೊಯ್ಯುವ ಹಂಗಾಮಿರಲಿ, ಬೆಳಗಿನ ಹೊತ್ತು ಯಾವ ಊರ ಅಗಸಿಗಾದರೂ ಹೋಗಿ ನಿಲ್ಲಿ. ಪಿಕಪ್ ಗಾಡಿ ಬಂದು ನಿಲ್ಲುತ್ತದೆ. ತಲೆಗೆ ಟವೆಲು ಕಟ್ಟಿದ, ಕೈಯಲ್ಲಿ ಬುತ್ತಿ ಗಂಟು, ಕುರ್ಪಿ ಹಿಡಿದ ಹೆಂಗಸರು ಒಬ್ಬರ ಕೈ ಒಬ್ಬರು ಹಿಡಿದು ಹಿಂದೆ ಹತ್ತುತ್ತಾರೆ. ಹದಿನೈದು ಜನ, ಇಪ್ಪತ್ತು ಜನ. ಎಲ್ಲರೂ ಹತ್ತಿದ ಮೇಲೆ ಕೊನೆಗೆ ಡ್ರೈವರು ಒಂದು ಪ್ಲಾಸ್ಟಿಕ್ ಕ್ಯಾನು ಎತ್ತಿ ಕೊಡುತ್ತಾನೆ. ಇಪ್ಪತ್ತು ಲೀಟರಿನದು. ಒಂದು ಕಾಲಕ್ಕೆ ಅದರಲ್ಲಿ ಅಡುಗೆ ಎಣ್ಣೆ ಇತ್ತೆಂದು ಅರ್ಧ ಹರಿದ ಚೀಟಿ ಹೇಳುತ್ತದೆ. ಮುಚ್ಚಳ ಎಂದೋ ಕಳೆದಿದೆ; ಬಾಯಿಗೆ ಪ್ಲಾಸ್ಟಿಕ್ ಚೀಲ ತುರುಕಿ ದಾರ ಸುತ್ತಿದೆ. “ಜರಾ ಕ್ಯಾನ್ ಹಿಡ್ಕೋರಿ ಅಕ್ಕಾ, ಚೆಲ್ಲಬಾರದು ನೋಡ್ರಿ” ಎನ್ನುತ್ತಾನೆ. ಅಕ್ಕ ಅದನ್ನು ಎರಡು ಕಾಲಿನ ನಡುವೆ ಸಿಕ್ಕಿಸಿಕೊಂಡು ಕೂರುತ್ತಾಳೆ. ಹೊಲದಲ್ಲಿ ರಾಶಿ ಮಾಡುವ ಯಂತ್ರಕ್ಕೆ ಅಥವಾ ಟ್ರ್ಯಾಕ್ಟರಿಗೆ ಹೋಗಬೇಕಾದ ಡೀಸೆಲ್ ಅದು.

ಅದೇ ಗಾಡಿಯಲ್ಲಿ ಮಧ್ಯಾಹ್ನ ಆಡು ಹೋಗುತ್ತವೆ, ಅವಕ್ಕೆ ಹಗ್ಗ ಇದೆ. ಟೊಮ್ಯಾಟೊ ಕ್ರೇಟು ಹೋಗುತ್ತವೆ, ಅವಕ್ಕೂ ಹಗ್ಗ ಇದೆ. ಬೆಂಕಿ ತಾಕಿದರೆ ಉರಿಯುವ ಪದಾರ್ಥಕ್ಕೆ ಮಾತ್ರ ಹಗ್ಗ ಇಲ್ಲ. ಏಕೆಂದರೆ ಹಗ್ಗಕ್ಕೆ ರೊಕ್ಕ ಕೊಡಬೇಕು, ಹೆಂಗಸಿನ ಕಾಲಿಗೆ ಕೊಡಬೇಕಾಗಿಲ್ಲ.

ಗುಂಡಿ ಬಿದ್ದ ರಸ್ತೆಯಲ್ಲಿ ಗಾಡಿ ಕುಣಿದಾಗಲೆಲ್ಲ ಆ ಚೀಲದ ಸಂದಿಯಿಂದ ಡೀಸೆಲ್ ಚಿಮ್ಮುತ್ತದೆ. ಸೀರೆಯ ಅಂಚು ತೊಯ್ಯುತ್ತದೆ, ಪಾದ ತೊಯ್ಯುತ್ತದೆ. ಇಡೀ ದಿನ ಆ ಸೀರೆಯಲ್ಲೇ ಬಿಸಿಲಲ್ಲಿ ಕೆಲಸ. ನನ್ನ ಪರಿಚಯದ ಒಬ್ಬ ಹೆಂಗಸಿನ ಮೀನಖಂಡದ ಮೇಲೆ ಅಂಗೈಯಗಲ ಚರ್ಮ ಒಡೆದು ಕೆಂಪಾಗಿತ್ತು. “ಏನವ್ವಾ ಇದು, ಗಜ್ಜಿಯೇ?” ಎಂದು ಕೇಳಿದರೆ “ಅಲ್ರಿ ಬಾಯೋರೆ, ಕ್ಯಾನ್ ಹಿಡಿಯೂದು ನನ್ನ ಪಾಳೇ ಇತ್ರಿ” ಎಂದಳು. ಪಾಳಿ ಹಚ್ಚಿಕೊಂಡಿದ್ದಾರೆ! ನೀರು ತರುವ ಪಾಳಿಯ ಹಾಗೆ, ಕಸ ಗುಡಿಸುವ ಪಾಳಿಯ ಹಾಗೆ. ಬುತ್ತಿಯ ರೊಟ್ಟಿಗೂ ಅದೇ ವಾಸನೆ. ಅದನ್ನೂ ತಿನ್ನುತ್ತಾರೆ.

ನಾನು ಡೀಸೆಲ್ ಒಯ್ಯಲೇಬೇಡಿ ಎನ್ನುತ್ತಿಲ್ಲ. ಹಾಗೆ ಹೇಳುವವರು ಹೊಲ ಕಂಡವರಲ್ಲ. ಪೆಟ್ರೋಲ್ ಪಂಪು ಇರುವುದು ದೊಡ್ಡ ರಸ್ತೆಯ ಮೇಲೆ. ಹೊಲ ಇರುವುದು ಹತ್ತಾರು ಕಿಲೋಮೀಟರ್ ಒಳಗೆ. ಮೋಡ ಕವಿದು ನಿಂತಾಗ ರಾಶಿ ಯಂತ್ರ ಎಣ್ಣೆ ಇಲ್ಲದೆ ಕೆಟ್ಟು ಕೂತರೆ ವರ್ಷದ ಸೋಯಾ ಮಳೆಗೆ ಹೋಗುತ್ತದೆ. ಔಷಧ ಹೊಡೆಯುವ ಪಂಪಿಗೆ ಪೆಟ್ರೋಲ್ ಬೇಕು. ಹೆಚ್ಚುವರಿ ಎಣ್ಣೆ ಬೇಕೇ ಬೇಕು, ಒಪ್ಪಿದೆ. ಅದು ಯಾತರಲ್ಲಿ ಹೋಗಬೇಕು, ಯಾರ ಜೊತೆ ಹೋಗಬಾರದು, ರಾತ್ರಿ ಎಲ್ಲಿ ಮಲಗಬೇಕು ಎಂಬುದೇ ನನ್ನ ತಕರಾರು.

ಈ ತಕರಾರು ತೆಗೆದಾಗಲೆಲ್ಲ ಗಂಡಸರಿಂದ ಬರುವ ಉತ್ತರ ಒಂದೇ: “ಏನ್ ಆಗಂಗಿಲ್ರಿ, ಡೀಸೆಲ್ ಹತ್ತಂಗಿಲ್ಲ.” ಒಬ್ಬ ಡ್ರೈವರಂತೂ ನನ್ನ ಕಣ್ಣೆದುರೇ ಬಟ್ಟಲಲ್ಲಿ ಡೀಸೆಲ್ ಸುರಿದು, ಕಡ್ಡಿ ಗೀರಿ ಅದರೊಳಗೆ ಅದ್ದಿ ಆರಿಸಿ ತೋರಿಸಿದ. ಸುತ್ತ ನಿಂತವರು ಭಲೆ ಎಂದರು. ಈ ಜಾದೂಗೆ ಗಂಡಸರು ಮೋಸ ಹೋಗಬಹುದು, ದೀಪ ಹಚ್ಚುವ ಹೆಂಗಸರು ಹೋಗಬಾರದು. ಹಣತೆಯ ಎಣ್ಣೆಗೆ ನೇರವಾಗಿ ಕಡ್ಡಿ ಹಿಡಿದರೆ ಹತ್ತುತ್ತದೆಯೇ? ಇಲ್ಲ. ಬತ್ತಿಗೆ ಹಿಡಿದರೆ ಹತ್ತುತ್ತದೆ. ಅರಳೆ ಎಣ್ಣೆಯನ್ನು ಹೀರಿ ತುದಿಗೆ ತಂದುಕೊಡುತ್ತದೆ, ತುದಿಯಲ್ಲಿ ಅದು ಆವಿಯಾಗುತ್ತದೆ, ಆವಿ ಉರಿಯುತ್ತದೆ. ಡೀಸೆಲ್ಲಿನ ಕತೆಯೂ ಅದೇ. ಬಟ್ಟಲಲ್ಲಿ ತಣ್ಣಗಿರುವಾಗ ಕಡ್ಡಿಯನ್ನು ನುಂಗುತ್ತದೆ. ಗೋಣಿಚೀಲಕ್ಕೆ, ಹುಲ್ಲಿಗೆ, ಬಟ್ಟೆಗೆ ಹೀರಿಕೊಂಡಿರುವಾಗ ಹೊತ್ತಿಕೊಳ್ಳುತ್ತದೆ. ಆ ಪಿಕಪ್ಪಿನ ಹಿಂದೆ ತೊಯ್ದು ಕೂತಿರುವ ಬಟ್ಟೆ ಯಾವುದು? ಇಪ್ಪತ್ತು ಹೆಂಗಸರ ಸೀರೆ. ಅದರಲ್ಲೂ ಈಗಿನ ನೈಲಾನ್, ಪಾಲಿಯೆಸ್ಟರ್ ಸೀರೆ. ಉರಿದರೆ ಕರಗಿ ಮೈಗೆ ಅಂಟುತ್ತದೆ.

ಇನ್ನೊಂದು ಲೆಕ್ಕವನ್ನೂ ಹೇಳಿಬಿಡುತ್ತೇನೆ. ಎಣ್ಣೆಯ ಮೇಲಿನ ಆವಿ ಕಿಡಿ ಕಂಡರೆ ಹೊತ್ತುವಷ್ಟು ದಟ್ಟವಾಗುವ ಒಂದು ಬಿಸಿಯ ಮಟ್ಟ ಇರುತ್ತದೆ. ಪೆಟ್ರೋಲಿಗೆ ಅದು ಸೊನ್ನೆಗಿಂತಲೂ ಸುಮಾರು 40 ಡಿಗ್ರಿ ಕೆಳಗೆ. ಹಿಮಾಲಯದಲ್ಲೂ ಪೆಟ್ರೋಲ್ ಹೊತ್ತೀತು. ಡೀಸೆಲ್ಲಿಗೆ ನಮ್ಮ ದೇಶದ ಮಾನಕ ಹೇಳುವುದು 35 ಡಿಗ್ರಿಗಿಂತ ಕಡಿಮೆ ಇರಬಾರದು ಎಂದು. ಪಂಪಿಗೆ ಬರುವ ಮಾಲಿನಲ್ಲಿ ಅದು ಇನ್ನಷ್ಟು ಮೇಲಿರಬಹುದು, ನಿಜ. ಆದರೆ ನಮ್ಮ ಬೀದರ ಜಿಲ್ಲೆಯಲ್ಲಿ ಮೇ ತಿಂಗಳ ಗಾಳಿಯೇ 40 ದಾಟುತ್ತದೆ. ಬಿಸಿಲಲ್ಲಿ ನಿಂತ ಪಿಕಪ್ಪಿನ ತಗಡಿಗೆ ಬರಿಗೈ ಇಟ್ಟು ನೋಡಿ. “ಹತ್ತಂಗಿಲ್ಲ” ಎಂಬುದು ಡಿಸೆಂಬರಿನ ಮಾತು, ಮೇ ತಿಂಗಳಿಗೆ ಸಲ್ಲುವುದಿಲ್ಲ.

2013ರ ಅಕ್ಟೋಬರ್ 30ರ ನಸುಕಿನಲ್ಲಿ ಬೆಂಗಳೂರಿನಿಂದ ಹೈದರಾಬಾದಿಗೆ ಹೋಗುತ್ತಿದ್ದ ಬಸ್ಸು ಮಹಬೂಬನಗರ ಜಿಲ್ಲೆಯ ಪಾಲೆಂ ಹತ್ತಿರ ಮೋರಿಗೆ ಹೊಡೆದು ಉರಿದು 45 ಜನ ಸತ್ತರು. ಒಡೆದದ್ದು ಡೀಸೆಲ್ ಟ್ಯಾಂಕು. ಅಷ್ಟು ದೂರ ಏಕೆ, 2022ರ ಜೂನ್ 3ರ ಬೆಳಿಗ್ಗೆ ನಮ್ಮ ಪಕ್ಕದ ಕಮಲಾಪುರದ ಬಳಿ ಗೋವಾದಿಂದ ಬರುತ್ತಿದ್ದ ಬಸ್ಸು ಸರಕಿನ ಗಾಡಿಗೆ ಡಿಕ್ಕಿಯಾಗಿ, ಸೇತುವೆಯಿಂದ ಕೆಳಗೆ ಬಿದ್ದು ಉರಿಯಿತು. 7 ಜನ ಹೋದರು. ಆ ಬಸ್ಸುಗಳ ಡೀಸೆಲ್ ಇದ್ದದ್ದು ಕಾರ್ಖಾನೆಯಲ್ಲೇ ಕೂಡಿಸಿದ ಗಟ್ಟಿ ಟ್ಯಾಂಕಿನಲ್ಲಿ. ನಮ್ಮಲ್ಲಿ ಇರುವುದು ಮುಚ್ಚಳವಿಲ್ಲದ ಪ್ಲಾಸ್ಟಿಕ್ ಡಬ್ಬದಲ್ಲಿ, ಎರಡು ಕಾಲಿನ ನಡುವೆ. ಇನ್ನು ಡಿಕ್ಕಿ ಆಗುವುದೇ ಇಲ್ಲ ಎಂಬ ಭರವಸೆ ಯಾರಿಗಿದೆ? 2022ರ ನವೆಂಬರ್‌ನಲ್ಲಿ ನಮ್ಮದೇ ಜಿಲ್ಲೆಯ ಬೇಮಳಖೇಡದಲ್ಲಿ ಕೂಲಿ ಮುಗಿಸಿ ಆಟೋದಲ್ಲಿ ಮನೆಗೆ ಹೊರಟಿದ್ದ ಹೆಂಗಸರಿಗೆ ಲಾರಿ ಡಿಕ್ಕಿಯಾಗಿ 7 ಜನ ಹೆಂಗಸರು ಸತ್ತರು. ಅಲ್ಲಿ ಬೆಂಕಿ ಇರಲಿಲ್ಲ. ಇಂಥ ಗಾಡಿಯ ನಡುವೆ ಒಂದು ಕ್ಯಾನು ಇದ್ದರೆ ಏನಾದೀತೆಂದು ಯೋಚಿಸಲು ನನಗೆ ಧೈರ್ಯ ಸಾಲದು.

“ಸರಕಿನ ಗಾಡಿಯಲ್ಲಿ ಜನ ಹತ್ತುವುದೇ ತಪ್ಪು, ಹತ್ತುವುದ್ಯಾಕೆ?” ಎಂದು ಕೇಳುವ ಪೇಟೆಯ ಅಕ್ಕಂದಿರಿದ್ದಾರೆ. 2023ರ ಜೂನ್ 11ರಿಂದ ನಮಗೆಲ್ಲ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ಇಲ್ಲದ ಪ್ರಯಾಣ ಸಿಕ್ಕಿದೆ. ಬೀದರಕ್ಕೆ, ಕಲಬುರಗಿಗೆ, ಗಾಣಗಾಪುರಕ್ಕೆ ಹೋಗಿ ಬಂದಿದ್ದೇವೆ, ಸಂತೋಷ. ಆದರೆ ಬಸ್ಸು ಹೊಲದ ಬದುವಿಗೆ ಬರುವುದಿಲ್ಲ. ಕೂಲಿಯವಳು ಎಂಟು ಗಂಟೆಗೆ ಸಾಲು ಹಿಡಿಯದಿದ್ದರೆ ಆ ದಿನದ ಕೂಲಿ ಇಲ್ಲ. ಪಿಕಪ್ ಅವಳ ಆಯ್ಕೆಯಲ್ಲ.

ಪೆಟ್ರೋಲಿನ ಮಾತು ಇನ್ನೂ ಕೆಟ್ಟದ್ದು. ಔಷಧದ ಪಂಪಿಗೆಂದು ಎರಡು ಲೀಟರ್ ಪೆಟ್ರೋಲ್ ತಂಪು ಪಾನೀಯದ ಬಾಟಲಿಯಲ್ಲಿ ಹೋಗುತ್ತದೆ. ಪೆಟ್ರೋಲಿನ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ. ಹೊಗೆಯ ಹಾಗೆ ಮೇಲೆ ಹಾರಿ ಹೋಗುವುದಿಲ್ಲ. ನೀರಿನ ಹಾಗೆ ಕೆಳಗೆ ಇಳಿದು, ಗಾಡಿಯ ತಗ್ಗಿನಲ್ಲಿ, ಕುಳಿತವರ ಕಾಲ ಬುಡದಲ್ಲಿ ತುಂಬಿ ನಿಲ್ಲುತ್ತದೆ. ಮುಂದೆ ಕ್ಯಾಬಿನಿನಲ್ಲಿ ಕೂತ ಮಹಾರಾಯ ಬೀಡಿ ಸೇದಿ ತುಂಡನ್ನು ಕಿಟಕಿಯಿಂದ ಹೊರಗೆ ಎಸೆಯುತ್ತಾನೆ. ಗಾಳಿ ಅದನ್ನು ಎಲ್ಲಿಗೆ ಒಯ್ಯುತ್ತದೆ? ಹಿಂದಕ್ಕೆ.

ಕ್ಯಾನನ್ನು ಕಂಠಪೂರ್ತಿ ತುಂಬಿಸುವ ಚಟ ಬೇರೆ. ರೊಕ್ಕ ಕೊಟ್ಟ ಮೇಲೆ ಡಬ್ಬಿ ತುಂಬಬೇಕಲ್ಲ! ಪೆಟ್ರೋಲ್ ಬಿಸಿಗೆ ಉಬ್ಬುತ್ತದೆ. ನಸುಕಿನ 25 ಡಿಗ್ರಿಯಲ್ಲಿ ತುಂಬಿದ 20 ಲೀಟರ್ ಪೆಟ್ರೋಲ್ ಮಧ್ಯಾಹ್ನ 45 ಡಿಗ್ರಿಗೆ ಬಂದರೆ ಸುಮಾರು 400 ಮಿಲಿಲೀಟರಿನಷ್ಟು ಹೆಚ್ಚಾಗುತ್ತದೆ. ದೊಡ್ಡ ಚೊಂಬಿನ ಅರ್ಧದಷ್ಟು. ಅದು ಹೋಗುವುದೆಲ್ಲಿಗೆ? ಹಾಲು ಕಾಯಿಸುವಾಗ ಪಾತ್ರೆಯ ಕಂಠದವರೆಗೆ ಸುರಿಯಬಾರದೆಂದು ಎಂಟು ವರ್ಷದ ಹುಡುಗಿಗೂ ಕಲಿಸಿರುತ್ತೇವೆ. ಮೀಸೆ ಬಂದವರಿಗೆ ಯಾರು ಕಲಿಸಬೇಕು?

ಸಂಜೆ ಗಾಡಿ ಮನೆಗೆ ಬರುತ್ತದೆ. ಕ್ಯಾನು ಹೊರಗಿಟ್ಟರೆ ಕದ್ದಾರು. ಆದ್ದರಿಂದ ಒಳಗೆ ಬರುತ್ತದೆ. ಒಳಗೆ ಎಂದರೆ ಗಂಡಸು ಕೂರುವ ಕಟ್ಟೆಯ ಮೇಲಲ್ಲ. ಜೋಳದ ಚೀಲದ ಸಂದಿಗೆ, ಅಡುಗೆ ಮನೆಯ ಮೂಲೆಗೆ, ಬಾಣಂತಿ ಮಲಗಿದ ಕೋಣೆಗೆ. ಗ್ಯಾಸ್ ಒಲೆ ಒಂದು ಗೋಡೆಯಾಚೆ, ದೇವರ ದೀಪ ಇನ್ನೊಂದು ಗೋಡೆಯಾಚೆ. ಅರ್ಧ ಉಳಿದ ಪೆಟ್ರೋಲಿನ ಬಾಟಲಿ ಗೂಡಿನಲ್ಲಿ, ಪಕ್ಕದಲ್ಲಿ ಮಕ್ಕಳ ಕೆಮ್ಮಿನ ಔಷಧ. ನಮ್ಮ ಓಣಿಯಲ್ಲಿ ನಾಲ್ಕು ವರ್ಷದ ಹುಡುಗ ಬಾಟಲಿಯ ಆಕಾರ ನೋಡಿ ಸೋಡಾ ಎಂದುಕೊಂಡು ಗುಟುಕು ಕುಡಿದ. ಅಜ್ಜಿ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲು ಓಡಿ ಬಂದಳು. ನೆರೆಯ ನರ್ಸಮ್ಮ ತಡೆದಳು. ಇದನ್ನು ಓದುವ ತಾಯಂದಿರು ನೆನಪಿಡಬೇಕು: ಪೆಟ್ರೋಲ್, ಡೀಸೆಲ್, ಚಿಮಣಿ ಎಣ್ಣೆ ಕುಡಿದ ಮಗುವಿಗೆ ವಾಂತಿ ಮಾಡಿಸಬಾರದು. ಮೇಲೆ ಬರುವಾಗ ಅದು ಪುಪ್ಪುಸಕ್ಕೆ ಇಳಿದು ಉಸಿರಿಗೇ ಕುತ್ತು ತರುತ್ತದೆ. ನೇರ ಆಸ್ಪತ್ರೆಗೆ ಒಯ್ಯಬೇಕು. ಆ ಹುಡುಗನನ್ನು ಅದೇ ಪಿಕಪ್ಪಿನಲ್ಲಿ ಬೀದರಕ್ಕೆ ಒಯ್ದರು. ಉಳಿದ. ರಬ್ಬರ್ ಪೈಪಿಗೆ ಬಾಯಿ ಹಚ್ಚಿ ಡೀಸೆಲ್ ಎಳೆಯುವ ಹುಡುಗರಿಗೂ ಇದೇ ಮಾತು. ಹತ್ತನೆಯ ತರಗತಿ ದಾಟದ ಹುಡುಗರ ಕೈಯಲ್ಲಿ ಈ ಕೆಲಸ ಮಾಡಿಸುತ್ತಾರೆ. “ಒಂದ್ ಗುಟುಕಿಗಿ ಏನಾತದ” ಎಂದು ನಗುತ್ತಾರೆ.

ಮನೆಯೊಳಗಿನ ಎಣ್ಣೆಯ ಡಬ್ಬಿ ಎಂದಾಗ ನನ್ನ ವಯಸ್ಸಿನ ಹೆಂಗಸರಿಗೆ ಬೇರೆಯದೇ ನೆನಪು ಬರುತ್ತದೆ. ನಾವು ಲಗ್ನವಾದ ಕಾಲದಲ್ಲಿ ಪತ್ರಿಕೆಯ ಮೂಲೆಯಲ್ಲಿ ದಿನ ಬಿಟ್ಟು ದಿನ ಒಂದು ಸುದ್ದಿ: “ಸ್ಟೋವ್ ಸಿಡಿದು ಗೃಹಿಣಿ ಸಾವು.” ಅತ್ತೆಯ ಸೀರೆಗೆ ಸಿಡಿಯದ, ಮಾವನ ಧೋತರಕ್ಕೆ ಸಿಡಿಯದ ಸ್ಟೋವು ಹೊಸ ಸೊಸೆಗೆ ಮಾತ್ರ ಹುಡುಕಿಕೊಂಡು ಹೋಗಿ ಸಿಡಿಯುತ್ತಿತ್ತು. ಅದಕ್ಕೇ 1983ರಲ್ಲಿ ಗಂಡನ ಮನೆಯ ಕ್ರೌರ್ಯದ ಕಲಮು ಬಂತು, 1986ರಲ್ಲಿ ವರದಕ್ಷಿಣೆ ಸಾವಿನ ಕಲಮು ಬಂತು. ಸುಮ್ಮನೆ ಬರಲಿಲ್ಲ, ಸುಟ್ಟ ಹೆಣಗಳ ಮೇಲೆ ಬಂದವು. ಆಮೇಲೆ ಗ್ಯಾಸ್ ಬಂತು. 2016ರ ಉಜ್ವಲ ಯೋಜನೆಯ ಮೇಲೆ ಹಳ್ಳಿಗೂ ಬಂತು. ರೇಷನ್ನಿನ ನೀಲಿ ಚಿಮಣಿ ಎಣ್ಣೆ ಮನೆಯಿಂದ ಹೆಚ್ಚುಕಡಿಮೆ ಹೊರಗೆ ಹೋಯಿತು. ನಾನು ಸಮಾಧಾನದ ಉಸಿರು ಬಿಟ್ಟೆ. ಈಗ ನೋಡಿದರೆ ಮುಂಬಾಗಿಲಿಂದ ಹೋದ ಎರಡು ಲೀಟರಿನ ಡಬ್ಬಿ ಹಿಂಬಾಗಿಲಿಂದ ಇಪ್ಪತ್ತು ಲೀಟರಿನ ಕ್ಯಾನಾಗಿ ಒಳಗೆ ಬಂದು ಕೂತಿದೆ. ಕುಡಿದು ಬಂದ ಗಂಡನ ಸಿಟ್ಟಿಗೂ, ಬೇಸತ್ತ ಹೆಣ್ಣಿನ ಒಂದು ಕ್ಷಣದ ಕುರುಡಿಗೂ ಅದು ಕೈಗೆಟಕುವಷ್ಟು ಹತ್ತಿರ ಇರಬೇಕೇ? ನನ್ನ ಮೊದಲ ಬೇಡಿಕೆ ಇದೇ. ಕ್ಯಾನು ಹೊಸಿಲು ದಾಟಬಾರದು. ಹೊರಗೆ, ಮನೆಗೆ ತಾಗದಂತೆ, ನೆರಳಿನಲ್ಲಿ, ಕಬ್ಬಿಣದ ಪೆಟ್ಟಿಗೆ ಮಾಡಿಸಿ ಬೀಗ ಹಾಕಿಕೊಳ್ಳಿ. ಮೋಟಾರಿನ ಸ್ಟಾರ್ಟರಿಗೆ ಪೆಟ್ಟಿಗೆ ಮಾಡಿಸುತ್ತೀರಿ, ಬೀಗ ಹಾಕುತ್ತೀರಿ. ಇದಕ್ಕೇಕೆ ಆಗದು?

ಕಾನೂನು ಏನು ಹೇಳುತ್ತದೆ ಎಂದು ಓದಿ ನೋಡಿದೆ. 1934ರ ಪೆಟ್ರೋಲಿಯಂ ಕಾಯ್ದೆಯ ಪ್ರಕಾರ ಮಾರಾಟಕ್ಕಲ್ಲದ, ಸ್ವಂತ ಬಳಕೆಯ ಪೆಟ್ರೋಲನ್ನು ಪರವಾನಗಿ ಇಲ್ಲದೆ 30 ಲೀಟರಿನವರೆಗೆ ಇಟ್ಟುಕೊಳ್ಳಬಹುದು. ಆದರೆ ಭದ್ರವಾಗಿ ಮುಚ್ಚಿದ ಪಾತ್ರೆಯಲ್ಲಿ. ಗಾಜು ಅಥವಾ ಪಿಂಗಾಣಿಯದಾದರೆ ಒಂದು ಲೀಟರ್ ಮೀರಬಾರದು, ಲೋಹದ್ದಾದರೆ 25 ಲೀಟರ್ ಮೀರಬಾರದು. ಆ ಮಾತಿನಲ್ಲಿ ಅಡುಗೆ ಎಣ್ಣೆಯ ಪ್ಲಾಸ್ಟಿಕ್ ಡಬ್ಬವೂ ಇಲ್ಲ, ತಂಪು ಪಾನೀಯದ ಬಾಟಲಿಯೂ ಇಲ್ಲ. ಡೀಸೆಲ್ಲಿಗೆ ಸಡಿಲ ಬಹಳ: ಒಂದು ಪಾತ್ರೆ ಸಾವಿರ ಲೀಟರ್ ಮೀರದಿದ್ದರೆ ಒಂದು ಜಾಗದಲ್ಲಿ 2500 ಲೀಟರಿನವರೆಗೆ ಪರವಾನಗಿ ಬೇಡ. ಕಾಯ್ದೆ ಬರೆದವರ ಕಣ್ಣ ಮುಂದೆ ಗೋದಾಮು ಇದ್ದಿರಬೇಕು. ಬಾಣಂತಿಯ ಕೋಣೆ ಇರಲಿಲ್ಲ. ಪೋಲಿಸರು ಬಂದು ತಡೆಯುತ್ತಾರೆಂದು ಕಾಯುತ್ತ ಕೂರಬೇಡಿ ಎನ್ನುವುದಕ್ಕೆ ಇದನ್ನು ಹೇಳಿದೆ.

ಪೆಟ್ರೋಲ್ ಮಾರಾಟಕ್ಕಂತೂ ಈ ರಿಯಾಯಿತಿ ಇಲ್ಲವೇ ಇಲ್ಲ. ಆದರೂ ಒಳಹಳ್ಳಿಯ ಕಿರಾಣಿ ಅಂಗಡಿಗಳಲ್ಲಿ ಬಿಸ್ಕೀಟಿನ ಡಬ್ಬಿಯ ಪಕ್ಕ ಪೆಟ್ರೋಲಿನ ಬಾಟಲಿಗಳು ಸಾಲಾಗಿ ನಿಂತಿರುತ್ತವೆ. ಗಡಿಯ ಹಂಗು ಬೇರೆ. 2024ರ ಜೂನ್‌ನಲ್ಲಿ ನಮ್ಮ ಸರ್ಕಾರ ತೆರಿಗೆ ಏರಿಸಿದ ಮೇಲೂ ತೆಲಂಗಾಣದ ದರಕ್ಕಿಂತ ನಮ್ಮ ದರ ಕಡಿಮೆಯೇ ಇತ್ತು. ಆ ಕಡೆಯ ಗಾಡಿಗಳು ಈ ಕಡೆಯ ಪಂಪಿಗೆ ಬಂದು ಟ್ಯಾಂಕಿನ ಜೊತೆ ಎರಡು ಕ್ಯಾನನ್ನೂ ತುಂಬಿಸಿಕೊಂಡು ಹೋದವು. ಲೀಟರಿಗೆ ನಾಲ್ಕು ರೂಪಾಯಿ ಉಳಿಸಿದ ಜಾಣತನವನ್ನು ಕಟ್ಟೆಯ ಮೇಲೆ ಕೂತು ಹೇಳಿಕೊಳ್ಳುತ್ತಾರೆ. ಆ ಕ್ಯಾನಿನ ಮೇಲೆ ಕೂತು ಬಂದವರು ಯಾರೆಂದು ಹೇಳುವುದಿಲ್ಲ.

“ಹಳ್ಳಿ ಜನಕ್ಕೆ ತಿಳಿವಳಿಕೆ ಇಲ್ಲ” ಎಂದು ಮೂಗು ಮುರಿಯುವವರ ಮೇಲೂ ನನಗೆ ಅಷ್ಟೇ ಸಿಟ್ಟು. 2017ರ ಜೂನ್ 25ರಂದು, ರಂಜಾನ್ ಹಬ್ಬದ ಹಿಂದಿನ ದಿನ, ಪಾಕಿಸ್ತಾನದ ಬಹಾವಲಪುರದ ಕಡೆ ಟ್ಯಾಂಕರು ಮಗುಚಿ ಬಿತ್ತು. ಸೋರಿದ ಎಣ್ಣೆ ತುಂಬಿಕೊಳ್ಳಲು ಬಾಟಲಿ, ಬಕೆಟ್ಟು ಹಿಡಿದು ಓಡಿದ ಜನರಲ್ಲಿ ಹೆಂಗಸರೂ ಮಕ್ಕಳೂ ಇದ್ದರು. 200ಕ್ಕೂ ಹೆಚ್ಚು ಜನ ಬೂದಿಯಾದರು. ಅವರನ್ನೂ ಜಗತ್ತು ತಿಳಿಗೇಡಿಗಳೆಂದಿತು. ಬಕೆಟ್ಟಿನಲ್ಲಿ ತುಂಬಿದ ಎಣ್ಣೆಗೆ ನಾಲ್ಕು ದಿನದ ಹಿಟ್ಟು ಬರುತ್ತದೆ ಎಂಬುದು ಅವರಿಗೆ ಚೆನ್ನಾಗಿ ತಿಳಿದಿತ್ತು.

ಮತ್ತೆ, ಪೇಟೆಯ ಅಕ್ಕಂದಿರೇ, ನಮ್ಮ ಮನೆಯಲ್ಲೇನು ನಡೆದಿದೆ? ಭಾಲ್ಕಿಯಲ್ಲಿ, ಬೀದರದಲ್ಲಿ ಮದುವೆ ಹಂದರ ಹಾಕಿದಾಗ ಜನರೇಟರ್ ಎಲ್ಲಿ ನಿಂತಿರುತ್ತದೆ? ಬಾಣಸಿಗರು ಭಟ್ಟಿ ಹೂಡಿದ ಹಿಂಬದಿಯಲ್ಲೇ. ಹುಡುಗನೊಬ್ಬ ಓಡುತ್ತಿರುವ ಯಂತ್ರಕ್ಕೇ, ಕೆಂಪಗೆ ಕಾದ ಸೈಲೆನ್ಸರಿನ ಮೇಲೆ ಬಗ್ಗಿ, ಕ್ಯಾನಿನಿಂದ ಡೀಸೆಲ್ ಸುರಿಯುತ್ತಾನೆ, ಆಲಿಕೆಯೂ ಇರುವುದಿಲ್ಲ. ನಾವು ಜರಿ ಸೀರೆ ಉಟ್ಟು ಅಕ್ಷತೆ ಹಿಡಿದು ಆ ಬಟ್ಟೆಯ ಹಂದರದ ಕೆಳಗೆ ಕೂತಿರುತ್ತೇವೆ. ಯಂತ್ರ ನಿಲ್ಲಿಸಿ, ಆರಿದ ಮೇಲೆ ಸುರಿ ಎಂದು ಒಬ್ಬ ಹಿರಿಯ ಹೆಂಗಸು ಹೇಳಿದರೆ ಐದು ನಿಮಿಷ ಕತ್ತಲಾದೀತು. ಮಂಗಳಾಷ್ಟಕ ಕತ್ತಲಲ್ಲೂ ಹೇಳಬಹುದು.

ಆಗಬೇಕಾದ್ದು ದೊಡ್ಡ ವಿದ್ಯೆಯಲ್ಲ. ಇಪ್ಪತ್ತು ಲೀಟರಿನ ತಗಡಿನ ಕ್ಯಾನು ಸಿಗುತ್ತದೆ, ಮಿಲಿಟರಿ ಜೀಪಿನ ಹಿಂದೆ ಇರುತ್ತಿತ್ತಲ್ಲ, ಆ ನಮೂನೆಯದು. ಗಟ್ಟಿ ಮುಚ್ಚಳ, ಒಳಗೆ ರಬ್ಬರು. ಪಂಪಿನಲ್ಲಿ ತುಂಬಿಸುವಾಗ ಗಾಡಿಯ ಮೇಲೇ ಇಟ್ಟು ತುಂಬಿಸಬಾರದು, ನೆಲಕ್ಕೆ ಇಳಿಸಬೇಕು. ತಾಡಪಾಲಿನ ಮೇಲೆ, ಪ್ಲಾಸ್ಟಿಕ್ ಹಾಸಿನ ಮೇಲೆ ಕೂತ ಕ್ಯಾನಿನಲ್ಲಿ ಸುರಿಯುವ ಎಣ್ಣೆಯಿಂದಲೇ ವಿದ್ಯುತ್ತು ಕೂಡಿಕೊಂಡು ಕಿಡಿ ಹಾರಬಹುದು. ಮೇಲೆ ಒಂದಷ್ಟು ಜಾಗ ಖಾಲಿ ಬಿಡಬೇಕು. ಗಾಡಿಯಲ್ಲಿ ನೆಟ್ಟಗೆ ನಿಲ್ಲಿಸಿ ಪಟ್ಟಿಯಿಂದ ಬಿಗಿಯಬೇಕು, ಸೈಲೆನ್ಸರಿನ ಕಡೆಗಲ್ಲ, ತೀರ ಹಿಂದಿನ ಅಂಚಿಗೂ ಅಲ್ಲ. ಇಷ್ಟೆಲ್ಲ ಮಾಡಿದ ಮೇಲೂ ಜನ ಕೂತ ಗಾಡಿಯಲ್ಲಿ ಅದು ಹೋಗಬಾರದು. ಜನರನ್ನು ಇಳಿಸಿ ಬಂದು ಒಯ್ಯಿರಿ, ಇಲ್ಲವೇ ಹಿಂದಿನ ಸಂಜೆಯೇ ಟ್ರ್ಯಾಕ್ಟರಿನ ಜೊತೆ ಕಳಿಸಿರಿ. ಒಂದು ಖೇಪು ಹೆಚ್ಚಾಗುತ್ತದೆ ಎನ್ನುತ್ತಾರೆ. ಆಗಲಿ. ಆ ಒಂದು ಖೇಪಿನ ಖರ್ಚು ಉಳಿಸಲು ಇಷ್ಟು ವರ್ಷ ಹೆಂಗಸರ ಕಾಲು ಬಳಸಿಕೊಂಡದ್ದು ಸಾಕು.

ಈ ಮಾತನ್ನು ನಾನು ಹೇಳಿದರೆ ಗಾಡಿಯವರು ಕೇಳುವುದಿಲ್ಲ. ಕೂಲಿ ಗುಂಪಿಗೆ ಒಬ್ಬಳು ಮುಂದಾಳು ಇರುತ್ತಾಳಲ್ಲ, ಹೊಲದವರ ಜೊತೆ ದರ ಮಾತಾಡುವವಳು, ಅವಳು ಹೇಳಿದರೆ ಕೇಳುತ್ತಾರೆ. ಕೊಯ್ಲಿನ ಹಂಗಾಮಿನಲ್ಲಿ ಆಳು ಸಿಗುವುದು ಕಷ್ಟ. ಆಗ ಅವಳ ಮಾತಿಗೆ ತೂಕ. ಕಳೆದ ಸೋಯಾ ಕೊಯ್ಲಿನಲ್ಲಿ ನಮ್ಮ ಸಮೀಪದ ಹಳ್ಳಿಯ ಒಂದು ಗುಂಪು ಗಾಡಿ ಹತ್ತದೆ ನಿಂತುಬಿಟ್ಟಿತು. “ಕ್ಯಾನ್ ಇಳಸ್ರಿ, ಹತ್ತತೀವಿ” ಎಂದರಂತೆ, ಅಷ್ಟೇ. ಬೈದಾಡಿ, ಫೋನು ಮಾಡಿ, ಅರ್ಧ ತಾಸು ಕಳೆದ ಮೇಲೆ ಕ್ಯಾನು ಇಳಿಯಿತು. ಎರಡು ದಿನ ಬಿಟ್ಟು ಮಾಲೀಕ ಕ್ಯಾಬಿನಿನ ಹಿಂದೆ ಕಬ್ಬಿಣದ ಚೌಕಟ್ಟು ವೆಲ್ಡಿಂಗ್ ಮಾಡಿಸಿದ, ಖಾಲಿ ಖೇಪಿನಲ್ಲಿ ಒಯ್ಯಲು. ಅದಕ್ಕೆ ಬಿದ್ದ ರೊಕ್ಕವನ್ನು ಹೆಂಗಸರ ಕೂಲಿಯಲ್ಲಿ ಮುರಿದುಕೊಳ್ಳುತ್ತೇನೆಂದು ಈಗ ಕೂತಿದ್ದಾನೆ. ಮುಂದಾಳು ಹೆಂಗಸು ಒಪ್ಪಿಲ್ಲ. ತೊಗರಿ ರಾಶಿಗೆ ಆಳು ಬೇಕಲ್ಲ, ನೋಡೋಣ ಎಂದಿದ್ದಾಳೆ.